ಸ್ಟುಟ್‌ಗಾರ್ಟಿನ ಬಾವುಟ, ತುಳಸಿಗೇರಿಯ ಮಗ್ಗ

ಪಕ್ಕದ ಬವೇರಿಯಾ ರಾಜ್ಯದ ಬಹುಪಾಲು ಊರುಗಳಲ್ಲಿ ಆಗಸ್ಟ್ 15 ಸರ್ಕಾರಿ ರಜೆ. ನಮ್ಮ ಸ್ವಾತಂತ್ರ್ಯ ದಿನಕ್ಕಲ್ಲ ಬಿಡಿ :-) ಕ್ಯಾಥೋಲಿಕ್ಕರಿಗೆ ಅವತ್ತು ಮೇರಿ ಮಾತೆಯ ಹಬ್ಬ. ನಾನಿರುವ ಸ್ಟುಟ್‌ಗಾರ್ಟ್ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿದೆ, ಇಲ್ಲಿಯವರಿಗೆ ಆ ಪುಣ್ಯವೂ ಇಲ್ಲ. ಹೀಗಾಗಿ ಆಗಸ್ಟ್ 15 ಬುಧವಾರ ಬಂದರೆ ಬುಧವಾರ ನಾವೆಲ್ಲ ಆಫೀಸಿಗೆ ಹೋಗಿ ಕೋಡು ಬರೀತೀವಿ. ನಮ್ಮ ಸ್ವಾತಂತ್ರ್ಯ ಮಾತ್ರ ಹತ್ತಿರದ ಶನಿವಾರಕ್ಕೋ ಭಾನುವಾರಕ್ಕೋ ಬರುತ್ತೆ.

ಬಂದಾಗ ಜೋರಾಗೇ ಬರುತ್ತೆ. ಬಾಡಿಗೆಗೆ ಹಿಡಿದ ಹಾಲು, ಅರ್ಧ ತಾಸು ತಡವಾಗಿ ಶುರುವಾಗುವ ಕಾರ್ಯಕ್ರಮ, ರಾಷ್ಟ್ರಗೀತೆ, ಮಕ್ಕಳ ಡ್ಯಾನ್ಸು, ಕೊನೆಗೆ ಸಮೋಸ ಮತ್ತು ಚಹಾ. ನಮ್ಮ ಕಡೆಯ ಅಕ್ಕಂದಿರು ನೆನಪಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಿರ್ತಾರೆ. ಇದರ ಫೋಟೋ ಊರಿನ ಗೆಳೆಯರಿಗೆ ಕಳಿಸಿದರೆ ಬರುವ ಉತ್ತರ ಯಾವಾಗಲೂ ಒಂದೇ. "ದೇಶ ಬಿಟ್ಟು ಹೋಗಿ ದೇಶಭಕ್ತಿ ಮಾಡೂದು ಭಾಳ ಸುಲಭ ಬಿಡಪಾ!"

ಈ ಮಾತಿಗೆ ಉತ್ತರ ಹುಡುಕುತ್ತಾ ಹೊರಟಾಗ ಸಿಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ. ನನ್ನೂರು ಹುನಗುಂದ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು ಇಲ್ಲಿಗೆ ಬಂದವನು. ಈ ಕಥೆ ಶುರುವಾಗೋದು ನಾನಿರುವ ಊರಿನಲ್ಲಿ, ಬಂದು ನಿಲ್ಲೋದು ನಾನು ಓದಿದ ಊರಿನ ಹತ್ತಿರ.

1907, ಇದೇ ಸ್ಟುಟ್‌ಗಾರ್ಟ್

ಸ್ಟುಟ್‌ಗಾರ್ಟ್ ಅಂದರೆ ಎಲ್ಲರಿಗೂ ನೆನಪಾಗೋದು ಕಾರುಗಳು. 1968ರಿಂದ ಇದು ಮುಂಬಯಿಯ ಸೋದರಿ ನಗರ ಅನ್ನೋದು ಕೆಲವರಿಗೆ ಗೊತ್ತು. ಆದರೆ ಮುಂಬಯಿಯ ಒಬ್ಬ ಹೆಣ್ಣುಮಗಳು ಅದಕ್ಕೂ ಅರವತ್ತೊಂದು ವರ್ಷ ಮೊದಲೇ ಈ ಊರಿಗೆ ಬಂದು ಒಂದು ಕೆಲಸ ಮಾಡಿ ಹೋಗಿದ್ದರು.

1907ರ ಆಗಸ್ಟ್ 18ರಿಂದ 24ರವರೆಗೆ ಇಲ್ಲಿ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನ ನಡೆಯಿತು. ಲೆನಿನ್, ರೋಸಾ ಲಕ್ಸೆಂಬರ್ಗ್, ಫ್ರಾನ್ಸಿನ ಜಾನ್ ಜೋರೆಸ್ ಎಲ್ಲ ಬಂದಿದ್ದರು. ಸಭೆ ಸೇರಿದ್ದು ಲೀಡರ್‌ಹಾಲೆ ಅನ್ನುವ ಸಭಾಂಗಣದಲ್ಲಿ. ಆ ಹಳೆಯ ಕಟ್ಟಡ ಎರಡನೇ ಮಹಾಯುದ್ಧದ ಬಾಂಬಿಗೆ 1943ರಲ್ಲಿ ಸುಟ್ಟುಹೋಯಿತು. ಈಗಿರೋದು 1956ರಲ್ಲಿ ಎದ್ದು ನಿಂತದ್ದು. (1956 ಅಂದಕೂಡಲೇ ನಮಗೆ ಬೇರೇನೋ ನೆನಪಾಗುತ್ತೆ ಅಲ್ವಾ? ಆ ಮಾತು ಆಮೇಲೆ ಬರುತ್ತೆ.)

ಆಗಸ್ಟ್ 22ರಂದು ಸೀರೆ ಉಟ್ಟ ಒಬ್ಬ ಭಾರತೀಯ ಮಹಿಳೆ ವೇದಿಕೆಯ ಮೇಲೆ ನಿಂತು ಒಂದು ಬಾವುಟ ಬಿಚ್ಚಿದರು. ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ಹಸಿರಿನ ಮೇಲೆ ಎಂಟು ತಾವರೆ, ಹಳದಿಯ ಮೇಲೆ ದೇವನಾಗರಿಯಲ್ಲಿ ವಂದೇ ಮಾತರಂ, ಕೆಂಪಿನ ಮೇಲೆ ಸೂರ್ಯ ಮತ್ತು ಚಂದ್ರ. ಹಾಗೆ ನಿಂತವರು ಭಿಕಾಜಿ ಕಾಮಾ, 1861ರಲ್ಲಿ ಮುಂಬಯಿಯ ಶ್ರೀಮಂತ ಪಾರ್ಸಿ ಮನೆತನದಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಪ್ಲೇಗು ಬಂದಾಗ ರೋಗಿಗಳ ಆರೈಕೆಗೆ ಹೋಗಿ ತಾವೂ ಪ್ಲೇಗು ಹತ್ತಿಸಿಕೊಂಡು ಹೇಗೋ ಬದುಕಿದವರು. ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಬಂದು, ಹೋರಾಟಕ್ಕೆ ಧುಮುಕಿ, ಪ್ಯಾರಿಸ್ಸಿನಲ್ಲಿ ನೆಲೆ ನಿಂತರು.

ಅವರು ತಂದ ಗೊತ್ತುವಳಿ ಮತಕ್ಕೆ ಬರಲೇ ಇಲ್ಲ. ಬ್ರಿಟಿಷ್ ಪ್ರತಿನಿಧಿಗಳಿಗೆ ಅದು ಇಷ್ಟವಿರಲಿಲ್ಲ, ನಿಯಮದ ಕಾರಣ ಮುಂದೆ ಮಾಡಿ ಅದನ್ನು ಬದಿಗಿಟ್ಟರು. ಆದರೆ ಬಾವುಟ ಉಳಿಯಿತು! ಇಂದುಲಾಲ್ ಯಾಜ್ಞಿಕ್ ಅದನ್ನು ಗುಟ್ಟಾಗಿ ಭಾರತಕ್ಕೆ ಸಾಗಿಸಿದರು. ಪುಣೆಯಲ್ಲಿ ಕೇಸರಿ-ಮರಾಠಾ ಸಂಸ್ಥೆಯವರು ಅದನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ಕಾಮಾ ಅವರಿಗೆ ಊರಿಗೆ ಮರಳಲು ಅನುಮತಿ ಸಿಕ್ಕಿದ್ದು 1935ರಲ್ಲಿ, ಅದೂ ಇನ್ನು ಮೇಲೆ ರಾಜಕೀಯ ಮಾಡುವುದಿಲ್ಲ ಅಂತ ಬರೆದುಕೊಟ್ಟ ಮೇಲೆ. ಮರುವರ್ಷ ಆಗಸ್ಟ್ 13ರಂದು ಮುಂಬಯಿಯಲ್ಲಿ ತೀರಿಕೊಂಡರು.

ಈಗ ಆ ಗೆಳೆಯರ ಮಾತಿಗೆ ಬರೋಣ. ಪರದೇಶದಲ್ಲಿ ಬಾವುಟ ಹಾರಿಸೋದು ಇವತ್ತು ಸುಲಭ, ಒಪ್ಪುತ್ತೇನೆ. ಅವತ್ತು ಅದಕ್ಕೆ ತೆತ್ತ ಬೆಲೆ ಇಪ್ಪತ್ತೆಂಟು ವರ್ಷ ಊರಿಗೆ ಹೋಗಲಾಗದೇ ಇದ್ದದ್ದು. ಇನ್ನು ನಮ್ಮ ನೆಲದಲ್ಲೇ ಹಾರಿಸಿದವರು? 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಒಂದು ತುಂಡು ಬಟ್ಟೆಗಾಗಿ ಜನ ಪ್ರಾಣ ಬಿಟ್ಟ ಜಾಗ ಅದು.

ಧಾರವಾಡದ ಡಾಕ್ಟರು, ಮಿಶಿಗನ್ನಿನ ವಿದ್ಯಾರ್ಥಿ

ಕಾಮಾ ಮುಂಬಯಿಯವರಾದರು, ನಮ್ಮವರು ಯಾರೂ ಇರಲಿಲ್ಲವೇ ಅಂತ ಕೇಳಬಹುದು. ಇದ್ದರು. ನಮ್ಮ ಕಡೆ ಸೇವಾದಳದ ಹೆಸರು ಕೇಳದವರು ಕಡಿಮೆ. ಅದನ್ನು ಕಟ್ಟಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, 1913ರಲ್ಲಿ ಅಮೇರಿಕಾಕ್ಕೆ ಹೋಗಿ, ಮಿಶಿಗನ್ ವಿಶ್ವವಿದ್ಯಾಲಯದಿಂದ 1916ರಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಎಂ.ಎಸ್ಸಿ. ಪಡೆದರು. ಅಂದರೆ ಇವತ್ತು ನಮ್ಮ ಹುಡುಗರು ಎಂ.ಎಸ್. ಮಾಡಲು ಹೋಗ್ತಾರಲ್ಲ, ನೂರು ವರ್ಷದ ಹಿಂದೆಯೇ ಅದೇ ಹಾದಿ ಹಿಡಿದ ಹುಬ್ಬಳ್ಳಿ-ಧಾರವಾಡದವರು.

ಓದು ಮುಗಿದ ಮೇಲೆ ಕೈತುಂಬ ಸಂಬಳದ ಕೆಲಸ ಹಿಡಿದು ಕೂರಲಿಲ್ಲ. ಲಾಲಾ ಲಜಪತ್ ರಾಯ್ ಆಗ ಅಮೇರಿಕಾದಲ್ಲೇ ಇದ್ದರು. 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂ ರೂಲ್ ಲೀಗ್ ಶುರು ಮಾಡಿದರು, 1918ರ ಜನವರಿಯಿಂದ ಯಂಗ್ ಇಂಡಿಯಾ ಅನ್ನುವ ಮಾಸಪತ್ರಿಕೆ ತಂದರು. ಹರ್ಡೀಕರರು ಈ ಕೆಲಸದಲ್ಲಿ ಅವರ ಬಲಗೈ. ಭಾರತೀಯ ವಿದ್ಯಾರ್ಥಿಗಳ ಸಂಘ, ಅಲ್ಲಿದ್ದ ಭಾರತೀಯ ಕೂಲಿಕಾರರ ಸಂಘ, ಎಲ್ಲ ಕಡೆಗೂ ಓಡಾಡಿ ಜನರನ್ನು ಸೇರಿಸುತ್ತಿದ್ದರು. ಹೊರದೇಶದಲ್ಲಿ ಒಂದು ಸಂಘ ನಡೆಸಿದವರಿಗೆ ಗೊತ್ತು ಅದರ ಕಷ್ಟ! ಚಂದಾ ವಸೂಲಿ, ಹಾಲು ಹುಡುಕೋದು, ನಾಲ್ಕು ಭಾಷೆಯವರನ್ನು ಒಂದೇ ಕಡೆ ಕೂರಿಸೋದು. ಇವರು ಇದನ್ನೆಲ್ಲ ಮಾಡಿದ್ದು ಬ್ರಿಟಿಷ್ ಗೂಢಚಾರರು ಭಾರತೀಯರ ಬೆನ್ನು ಹತ್ತಿದ್ದ ದಿನಗಳಲ್ಲಿ.

1921ರಲ್ಲಿ ಊರಿಗೆ ಮರಳಿದರು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಬಾವುಟ ಹಿಡಿದು ಬೀದಿಯಲ್ಲಿ ನಡೆದರೆ ಜೈಲು. ಹುಬ್ಬಳ್ಳಿಯಿಂದ ಹೋದ ಸ್ವಯಂಸೇವಕರ ತಂಡ ಅಲ್ಲಿ ಜೈಲು ಸೇರಿತು, ಕ್ಷಮೆ ಕೇಳಿದರೆ ಬಿಡ್ತೀವಿ ಅಂದರೂ ಕೇಳಲಿಲ್ಲ. ದೇಶದ ಕಣ್ಣು ಹುಬ್ಬಳ್ಳಿಯವರ ಮೇಲೆ ಬಿತ್ತು. ಇಂಥ ಶಿಸ್ತಿನ ತಂಡ ದೇಶದ ತುಂಬ ಬೇಕು ಅನ್ನುವ ಮಾತು ಬಂದು, ಅದೇ ವರ್ಷ ಡಿಸೆಂಬರಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರು.

ಕೊನೆಯ ಭಾನುವಾರ

ಸೇವಾದಳದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಊರೂರಲ್ಲಿ ಧ್ವಜವಂದನೆ. ಇದನ್ನು ರೂಢಿಗೆ ತಂದವರು ಹರ್ಡೀಕರರು. ಅವರಿದ್ದ ಅಮೇರಿಕಾದಲ್ಲಿ ಶಾಲೆ ಮಕ್ಕಳು ಬಾವುಟದ ಮುಂದೆ ನಿಂತು ಪ್ರತಿಜ್ಞೆ ಹೇಳುವ ಪದ್ಧತಿ 1892ರಿಂದಲೇ ಇತ್ತು. ಎಂಟು ವರ್ಷ ಅಲ್ಲಿದ್ದ ಮನುಷ್ಯ ಅದನ್ನು ಗಮನಿಸಿರಲೇಬೇಕು ಅನ್ನೋದು ನನ್ನ ಊಹೆ.

ಇನ್ನೊಂದು ವಿಷಯ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವಾಯಿತು. ಮೊದಲ ಸ್ವಾತಂತ್ರ್ಯ ದಿನ ಅಂತ ಆಚರಿಸಿದ್ದು 1930ರ ಜನವರಿ 26ನ್ನು. ಹಳೆಯ ಕ್ಯಾಲೆಂಡರ್ ತೆಗೆದು ನೋಡಿ, ಅವತ್ತು ಭಾನುವಾರ. ಅದೂ ಜನವರಿಯ ಕೊನೆಯ ಭಾನುವಾರ! ಗಣರಾಜ್ಯ ದಿನಕ್ಕೆ ನಾವು ಇವತ್ತು ಹಿಡಿದುಕೊಂಡಿರುವ ತಾರೀಖು ಬಂದದ್ದು ಹೀಗೆ. ಹಾಗಾಗಿ ವೀಕೆಂಡ್ ಸ್ವಾತಂತ್ರ್ಯ ದಿನ ಅಂತ ಯಾರಾದರೂ ನಮ್ಮನ್ನು ನಕ್ಕರೆ, ಮೊಟ್ಟಮೊದಲನೆಯದೂ ಭಾನುವಾರವೇ ಆಗಿತ್ತು ಅಂತ ಹೇಳಿ :-) ಅಲ್ಲಿಂದ 1947ರವರೆಗೆ ಲಂಡನ್ನಿನ ಭಾರತೀಯರಿಗೂ ಸ್ವಾತಂತ್ರ್ಯ ದಿನ ಅಂದರೆ ಜನವರಿ 26. ದೇಶ ಇನ್ನೂ ಕೈಗೆ ಸಿಕ್ಕಿರದಾಗಲೇ ದಿನ ಸಿಕ್ಕಿತ್ತು, ಬಾವುಟ ಸಿಕ್ಕಿತ್ತು.

ಆ ಬಾವುಟದ ಬಣ್ಣ ಹೇಗಿರಬೇಕು ಅಂತ ತೀರ್ಮಾನಿಸಲು 1931ರಲ್ಲಿ ಏಳು ಜನರ ಸಮಿತಿಯಾಯಿತು. ಪಟೇಲ್, ನೆಹರು, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ... ಏಳನೆಯವರು ನಮ್ಮ ಹರ್ಡೀಕರರು. ಸಮಿತಿ ಹೇಳಿದ್ದು ಪೂರ್ತಿ ಕೇಸರಿ ಬಣ್ಣದ, ಚರಕ ಇರುವ ಬಾವುಟ. ಕಾಂಗ್ರೆಸ್ ಅದನ್ನು ಒಪ್ಪದೆ ಕೇಸರಿ, ಬಿಳಿ, ಹಸಿರಿನ ನಡುವೆ ಚರಕವಿರುವ ತ್ರಿವರ್ಣವನ್ನು ಆರಿಸಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಅಶೋಕ ಚಕ್ರ ಇಟ್ಟಿತು. ಅವತ್ತು ನೆಹರು ಸಭೆಯ ಮುಂದಿಟ್ಟದ್ದು ಎರಡು ಬಾವುಟ, ಒಂದು ರೇಷ್ಮೆಯದು, ಇನ್ನೊಂದು ಹತ್ತಿ ಖಾದಿಯದು. ಚಿತ್ರದಿಂದ ಚರಕ ಹೋಯಿತು, ಆದರೆ ಬಟ್ಟೆಯಲ್ಲಿ ಉಳಿಯಿತು.

ನಮ್ಮ ಜಿಲ್ಲೆಯ ಕೈ

ಈಗ ಊರಿಗೆ ಬರೋಣ. 1947ರ ಆಗಸ್ಟ್ 15ರಂದು ಹುನಗುಂದ ಇದ್ದದ್ದು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿ. ನಮ್ಮ ಅಜ್ಜಂದಿರು ಕನ್ನಡ ಮಾತಾಡ್ತಾ ಮುಂಬಯಿ ಸರ್ಕಾರಕ್ಕೆ ಕಂದಾಯ ಕಟ್ಟಿದವರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಸರಿಯಾಗಿ ಒಂದು ವರ್ಷಕ್ಕೆ, 1957ರ ನವೆಂಬರ್ 1ರಂದು, ಹುಬ್ಬಳ್ಳಿಯಲ್ಲಿ ಕೆಲವು ಗಾಂಧಿವಾದಿಗಳು ಸೇರಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಕಟ್ಟಿದರು. ಗಮನಿಸಿ, ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರಲ್ಲಿ. ಈ ಸಂಘ ಹದಿನಾರು ವರ್ಷ ಮೊದಲೇ ಆ ಹೆಸರು ಇಟ್ಟುಕೊಂಡಿತ್ತು! ಇನ್ನು ನಮ್ಮ ಬಾಗಲಕೋಟೆ ಜಿಲ್ಲೆ ಬಿಜಾಪುರದಿಂದ ಬೇರೆಯಾದ ದಿನ 1997ರ ಆಗಸ್ಟ್ 15, ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ದಿನ.

ಈ ಸಂಘ ಇರೋದು ಹುಬ್ಬಳ್ಳಿಯ ಬೆಂಗೇರಿಯಲ್ಲಿ. 2004ರಲ್ಲಿ ಅಲ್ಲಿ ರಾಷ್ಟ್ರಧ್ವಜ ಮಾಡುವ ಘಟಕ ಶುರುವಾಯಿತು, 2006ರಲ್ಲಿ ಬಿಐಎಸ್ ಮಾನ್ಯತೆ ಸಿಕ್ಕಿತು. ಸರ್ಕಾರಿ ಕಚೇರಿಗಳಿಗೆ, ವಿದೇಶದ ನಮ್ಮ ರಾಯಭಾರ ಕಚೇರಿಗಳಿಗೆ ಇಲ್ಲಿಂದ ಬಾವುಟ ಹೋಗುತ್ತೆ. ಹಾಗಾದರೆ ಬಟ್ಟೆ ಎಲ್ಲಿಂದ? ಧಾರವಾಡದ ಹತ್ತಿರದ ಗರಗ ಇದಕ್ಕೆ ಮೊದಲಿಂದ ಹೆಸರಾದ ಊರು. ಇನ್ನೊಂದು ನಮ್ಮ ಜಿಲ್ಲೆಯ ತುಳಸಿಗೇರಿ.

ತುಳಸಿಗೇರಿ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಹನಮಪ್ಪನ ಜಾತ್ರಿ. ಅದೇ ಊರಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ದೇಶದ ಬಾವುಟದ ಬಟ್ಟೆ ನೇಯುತ್ತಾರೆ. ಹತ್ತಿಯ ಹಂಜಿಯಿಂದ ನೂಲು ತೆಗೆದು, ಹಾಸು ಹೂಡಿ, ಲಾಳಿ ಓಡಿಸಿ ನೇಯ್ದ ಬಿಳಿ ಬಟ್ಟೆ ಹುಬ್ಬಳ್ಳಿಗೆ ಹೋಗುತ್ತೆ. ಅಲ್ಲಿ ತೊಳೆದು, ಮೂರು ಪಾಲು ಮಾಡಿ, ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಬಣ್ಣ ಹಾಕಿ, ಉಳಿದದ್ದರ ಮೇಲೆ ನೀಲಿ ಚಕ್ರ ಅಚ್ಚು ಹಾಕ್ತಾರೆ. ಚಕ್ರಕ್ಕೆ 24 ಗೆರೆ. ಅಚ್ಚು ಎರಡೂ ಬದಿಗೆ, ಎರಡೂ ಒಂದರ ಮೇಲೊಂದು ಕೂದಲೆಳೆ ತಪ್ಪದ ಹಾಗೆ ಬೀಳಬೇಕು. ಆಮೇಲೆ ಹೊಲಿಗೆ, ಕೊನೆಗೆ ಹಗ್ಗ ಮತ್ತು ಹಗ್ಗದ ತುದಿಯ ಮರದ ಗುಬುಟು. ಕಂಬದ ಬದಿಗೆ ಹಗ್ಗ ಹೋಗುವ ಪಟ್ಟಿಯಿದೆಯಲ್ಲ, ಅದಕ್ಕೆ ಬೇರೆಯೇ ದಪ್ಪ ಖಾದಿ. ಆ ನೇಯ್ಗೆ ಬಲ್ಲವರು ದೇಶದಲ್ಲೇ ಬಹಳ ಕಡಿಮೆ.

ಇಂಜಿನಿಯರುಗಳಿಗೆ ಖುಷಿಯಾಗುವ ಒಂದು ವಿವರ. ಭಾರತದ ಗುಣಮಟ್ಟಗಳಿಗೆಲ್ಲ ಐಎಸ್ ಅಂತ ನಂಬರ್ ಇರುತ್ತಲ್ಲ, ಸಿಮೆಂಟಿಗೊಂದು, ಸ್ಟೀಲಿಗೊಂದು. ಅದರಲ್ಲಿ ನಂಬರ್ 1 ಯಾವುದು ಗೊತ್ತಾ? ರಾಷ್ಟ್ರಧ್ವಜ. ಐಎಸ್ 1, 1951ರಲ್ಲಿ ಬಂದದ್ದು. ಬಾವುಟಕ್ಕೆ ಒಂಬತ್ತು ಅಳತೆ. ಎಲ್ಲಕ್ಕಿಂತ ದೊಡ್ಡದು 6300 × 4200 ಮಿಲಿಮೀಟರ್, ಎಲ್ಲಕ್ಕಿಂತ ಚಿಕ್ಕದು ಮೇಜಿನ ಮೇಲಿಡುವ 150 × 100. ನೂಲಿನ ಬಲ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಪರೀಕ್ಷೆ. ಒಂದು ಕಡೆ ತಪ್ಪಿದರೆ ಇಡೀ ಲಾಟು ವಾಪಸ್ಸು. ನಮ್ಮ ಪ್ರಾಜೆಕ್ಟುಗಳಲ್ಲಿ ಇಂಥ ಟೆಸ್ಟಿಂಗ್ ಇದ್ದಿದ್ದರೆ... ಇರಲಿ ಬಿಡಿ.

ಪಾಲಿಯೆಸ್ಟರ್ ಬಂದಾಗ

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಬೇಕಿತ್ತು. ಆಮೇಲೆ ಮಶೀನಿನಲ್ಲಿ ಮಾಡಿದ್ದೂ ಆದೀತು, ಪಾಲಿಯೆಸ್ಟರೂ ಆದೀತು ಅಂತಾಯಿತು. 2022ರ ಆಗಸ್ಟಿನಲ್ಲಿ ಹರ್ ಘರ್ ತಿರಂಗಾ ಅಭಿಯಾನ. ಇಪ್ಪತ್ತು ಕೋಟಿ ಮನೆಗಳ ಗುರಿ.

ಸರ್ಕಾರದ ಕಡೆಯ ವಾದ ತಿಳಿಯದ್ದೇನಲ್ಲ. ಇಪ್ಪತ್ತು ಕೋಟಿ ಬಾವುಟ ಕೈಮಗ್ಗದಿಂದ ಕೆಲವೇ ತಿಂಗಳಲ್ಲಿ ಹುಟ್ಟೋದಿಲ್ಲ. ಬಡವರ ಮನೆಗೂ ಬಾವುಟ ಬರಬೇಕು ಅಂದರೆ ಅಗ್ಗವಾಗಬೇಕು. ಸರಿ. ಆದರೆ ಪ್ಲಾಸ್ಟಿಕ್ ನೂಲಿನ ಬಾವುಟ ಬಂದ ಮೇಲೆ ಅಂಗಡಿಗೆ ಹೋದವನು ಎರಡರಲ್ಲಿ ಯಾವುದನ್ನು ಕೊಳ್ಳುತ್ತಾನೆ? 2022ರ ಜುಲೈನಲ್ಲಿ ಬೆಂಗೇರಿಯ ಸಂಘದವರು ತಿದ್ದುಪಡಿ ವಾಪಸ್ ಪಡೆಯಿರಿ ಅಂತ ಪ್ರತಿಭಟನೆಗೆ ಕೂತರು. ಬಾವುಟ ಹೊಲಿಯುವ ಕೈಗಳೇ ಬೇಡಿಕೆ ಹಿಡಿದು ಕೂತ ದಿನ ಅದು.

ಮುಂದೇನಾಗುತ್ತೆ ಅಂತ ಹೇಳಲು ಜ್ಯೋತಿಷ್ಯ ಬೇಕಿಲ್ಲ, ಹುನಗುಂದ, ಇಳಕಲ್ ಕಡೆಯವರಾದರೆ ಸಾಕು. ಇಳಕಲ್ ಈಗ ಬೇರೆ ತಾಲೂಕಾಗಿದೆ, ಆದರೆ ನಮಗದು ಪಕ್ಕದ ಓಣಿ ಇದ್ದ ಹಾಗೆ. ಒಂದು ಕಾಲಕ್ಕೆ ಸಂದಿ ಸಂದಿಯಲ್ಲೂ ಕುಣಿಮಗ್ಗದ ಸಪ್ಪಳ. ಒಡಲಿಗೂ ಸೆರಗಿಗೂ ಕೊಂಡಿ ಹಾಕುವ ತೋಪ ತೆನಿ ಕೆಲಸಕ್ಕೆ ಮನೆಯವರೆಲ್ಲ ಕೂಡುತ್ತಿದ್ದರು. ಸೀರೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985ರಲ್ಲೇ ಬಂತು. ಆದರೂ ಪವರ್‌ಲೂಮಿನ ಸೀರೆ ಇಳಕಲ್ ಅನ್ನುವ ಹೆಸರಲ್ಲೇ ಅಂಗಡಿ ತುಂಬಿತು. ಸೀರೆಯ ಹೆಸರು ದೇಶದ ತುಂಬ ಹರಡಿತು, ನೇಯುವವರ ಮಕ್ಕಳು ಬೇರೆ ಕೆಲಸ ಹುಡುಕಿ ಹೊರಟರು. ಕೈಯಲ್ಲಿರುವ ವಿದ್ಯೆ ಒಂದು ತಲೆಮಾರು ಬಿಟ್ಟುಹೋದರೆ ಮುಗಿಯಿತು, ಅದಕ್ಕೆ ಬ್ಯಾಕಪ್ ಅನ್ನೋದು ಇರೋದಿಲ್ಲ.

ಇಲ್ಲಿಯ ಒಂದು ಕಾರ್ಯಕ್ರಮದಲ್ಲಿ ಕಂಬಕ್ಕೆ ಕಟ್ಟಿದ್ದ ಬಾವುಟ ಹತ್ತಿರದಿಂದ ನೋಡಿದೆ. ಮಿರಮಿರ ಹೊಳೆಯುವ ಪಾಲಿಯೆಸ್ಟರು. ಚಕ್ರ ಮೊಟ್ಟೆಯಾಕಾರ. ಅಭ್ಯಾಸಬಲ ನೋಡಿ, ಗೆರೆ ಎಣಿಸಿದೆ, ಇಪ್ಪತ್ತೆರಡು! ತಂದವರ ಮೇಲೆ ನನಗೇನೂ ಸಿಟ್ಟಿಲ್ಲ. ಆನ್‌ಲೈನಿನಲ್ಲಿ ಸಿಕ್ಕಿದ್ದನ್ನು ಪ್ರೀತಿಯಿಂದಲೇ ತಂದಿದ್ದರು. ಬಾವುಟ ಅಂದರೆ ಬಣ್ಣ ಅಷ್ಟೇ ಅಂತ ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ. ಅದು ಬಟ್ಟೆ ಕೂಡ ಹೌದು, ಆ ಬಟ್ಟೆಯ ಹಿಂದೆ ಕೂಲಿಯ ಲೆಕ್ಕವೂ ಇದೆ.

ಇದನ್ನೆಲ್ಲ ಇಟ್ಟುಕೊಂಡು ನಮ್ಮ ಗೆಳೆಯರ ಮಾತಿಗೆ ನನ್ನ ಉತ್ತರ ಇಷ್ಟು. ದೇಶ ಬಿಟ್ಟು ಹೋಗಿ ಬಾವುಟ ಹಿಡಿಯೋದು ನಾಟಕ ಆಗಬೇಕಾಗಿಲ್ಲ. ಕಾಮಾ ಮತ್ತು ಹರ್ಡೀಕರರಿಗೆ ಅದು ನಾಟಕವಾಗಿರಲಿಲ್ಲ, ಯಾಕೆಂದರೆ ಅವರು ಹೊರಗೆ ಮಾಡಿದ ಕೆಲಸದ ಇನ್ನೊಂದು ತುದಿ ಊರಿನ ಜನರಿಗೆ ಕಟ್ಟಿತ್ತು. ನಮ್ಮ ಆಚರಣೆಗೂ ಅಂಥ ಒಂದು ಎಳೆ ಬೇಕು. ಸಮೋಸಕ್ಕೆ, ಹಾಲಿನ ಬಾಡಿಗೆಗೆ ಯೂರೋಗಳಲ್ಲಿ ಖರ್ಚು ಮಾಡುವ ನಾವು, ಕಂಬಕ್ಕೆ ಕಟ್ಟುವ ಒಂದೇ ಒಂದು ಬಾವುಟವನ್ನಾದರೂ ಐಎಸ್‌ಐ ಗುರುತಿನ ಖಾದಿಯದ್ದು ತರಬಹುದು. 900 × 600 ಅಳತೆಯದು ಮಡಚಿದರೆ ಒಂದು ಟವೆಲ್ಲಿನಷ್ಟೂ ಆಗೋದಿಲ್ಲ, ಊರಿಂದ ಬರುವವರ ಬ್ಯಾಗಿನಲ್ಲಿ ಚಟ್ನಿಪುಡಿ, ರೊಟ್ಟಿಯ ಪಕ್ಕ ಸುಲಭವಾಗಿ ಕೂರುತ್ತೆ. ಮಕ್ಕಳ ಕೈಗೆ ಕೊಡುವ ಬಾವುಟ ಕಾಗದದ್ದೇ ಇರಲಿ, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಒಂದು ಬಾವುಟದಿಂದ ತುಳಸಿಗೇರಿಯ ಮಗ್ಗ ಉಳಿಯೋದಿಲ್ಲ, ಗೊತ್ತು. ಆದರೆ ದುಬೈ, ಸಿಂಗಪುರ, ಲಂಡನ್, ನ್ಯೂಜೆರ್ಸಿ ಅಂತ ಊರೂರಿಗೆ ಒಂದೊಂದು ಕೂಟ, ಕೂಟಕ್ಕೊಂದು ಕಂಬ ಇದೆಯಲ್ಲ. ಕೂಡಿಸುವ ಲೆಕ್ಕ ನಿಮಗೇ ಬಿಟ್ಟದ್ದು.

ನಿಮ್ಮೂರಿನ ಕಂಬದ ಮೇಲೆ ಹಾರೋ ಬಾವುಟ ಯಾವ ಬಟ್ಟೆಯದು? ಮುಂದಿನ ಸಲ ರಾಷ್ಟ್ರಗೀತೆ ಮುಗಿದ ಮೇಲೆ ಒಮ್ಮೆ ಹತ್ತಿರ ಹೋಗಿ ನೋಡಿ, ಚಕ್ರದ ಗೆರೆ ಎಣಿಸಿ, ಆಮೇಲೆ ನನಗೂ ತಿಳಿಸಿ.